ಟವೆಲ್ ಹಾಕಿ ಹಿಡಿದ ಕ್ರಿಸ್ಮಸ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಬಸ್ಸಿನದಲ್ಲ, ಕಂಡಕ್ಟರನದಲ್ಲ, ಹುಂಜದ್ದಂತೂ ಅಲ್ಲವೇ ಅಲ್ಲ!

ನಾನು ಸಿಂದಗಿಯವನು. ಕಂಡವರ ದನಿ ತೆಗೆಯುವುದು ನನ್ನ ಚಟ. ಕಾಯಿಪಲ್ಲೆ ಮಾರುವವಳ ಕೂಗಿನಿಂದ ಹಿಡಿದು ನಮ್ಮಪ್ಪನ ಗೊರಕೆಯವರೆಗೆ ಎಲ್ಲವೂ ನನ್ನ ಗಂಟಲಲ್ಲಿವೆ. ಅವುಗಳಲ್ಲಿ ಸರ್ವಶ್ರೇಷ್ಠವಾದದ್ದು ನಮ್ಮ ಚರ್ಚಿನ ಪಾಸ್ಟರ್ ದನಿ. ಅದನ್ನು ಕ್ರಿಸ್ಮಸ್ ಕಾರ್ಯಕ್ರಮದಲ್ಲಿ, ಮೈಕಿನ ಮುಂದೆ, ಹತ್ತು ನಿಮಿಷ ತೆಗೆಯಬೇಕೆಂಬುದು ನನ್ನ ಜೀವಮಾನದ ಆಸೆ. ಪಾಸ್ಟರ್ ಒಂದು ಷರತ್ತು ಹಾಕಿದರು.

"ಸುನೀಲಾ, ಯೇಸು ಹುಟ್ಟೋ ರಾತ್ರಿ ಮರಿಯಳಿಗೆ ಛತ್ರದಾಗ ಜಾಗಾ ಸಿಗಲಿಲ್ಲ ಅನ್ನೋದನ್ನ ವರ್ಷಾ ವರ್ಷಾ ಕೇಳ್ತಿ. ಈ ವಾರ ಯಾರಿಗರ ನಿನ್ನ ಜಾಗಾ ಬಿಟ್ಟುಕೊಡು. ಯಾರ ಮುಂದೂ ಹೇಳಬ್ಯಾಡ. ಆಮ್ಯಾಲೆ ಮೈಕಿನ ಮಾತು."

"ಹೇಳದಿದ್ರ ನಿಮಗ ಹೆಂಗ ಗೊತ್ತಾಗಬೇಕ್ರಿ?"

"ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ."

ಇಷ್ಟೇ ತಾನೆ! ಬಸವನ ಬಾಗೇವಾಡಿಯ ಮೊಬೈಲ್ ಅಂಗಡಿಯಲ್ಲಿ ನನ್ನ ಕೆಲಸ, ದಿನವೂ ಬಸ್ಸಿನ ಓಡಾಟ. ಆದರೆ ಕ್ರಿಸ್ಮಸ್ಸಿಗೆ ಎರಡೇ ದಿನ ಉಳಿದರೂ ನಾನು ಯಾರಿಗೂ ಜಾಗ ಬಿಟ್ಟುಕೊಟ್ಟಿರಲಿಲ್ಲ. ಕಾರಣ, ವಾರವಿಡೀ ನನಗೇ ಜಾಗ ಸಿಕ್ಕಿರಲಿಲ್ಲ!

ಅಂದು ಮಧ್ಯಾಹ್ನ ಸಿಂದಗಿ ಬಸ್ಸು ಬಾಗೇವಾಡಿ ಸ್ಟ್ಯಾಂಡಿಗೆ ತಿರುಗುವಾಗಲೇ ಅದರ ಜೊತೆ ಓಡಿದೆ. ಕಿಟಕಿಯಿಂದ ಒಂದು ಸೀಟಿಗೆ ಚೀಲ, ಪಕ್ಕದ ಸೀಟಿಗೆ ಟವೆಲ್ ಎಸೆದೆ. ಒಂದು ನನಗೆ, ಒಂದು ದಾನಕ್ಕೆ. ಮೂವರನ್ನು ಮೊಣಕೈಯಿಂದ ತಿವಿದು ಹತ್ತಿದೆ. ಪರೋಪಕಾರದ ಅವಸರದಲ್ಲಿ ಇಷ್ಟು ತಿವಿತ ಕ್ಷಮಾರ್ಹ!

ಕೂತು ಉಸಿರು ಬಿಡುವಷ್ಟರಲ್ಲಿ ಕೈಚೀಲ ಹಿಡಿದ ಅಜ್ಜಿಯೊಬ್ಬಳು ಬಂದಳು.

"ತಮ್ಮಾ, ಇಲ್ಲಿ ಯಾರರ ಬರೋರು ಅದಾರೇನು?"

"ಅದಾರ ಅಜ್ಜಿ."

"ಯಾರು?"

"ಇನ್ನೂ ಗೊತ್ತಿಲ್ಲ."

"ಗೊತ್ತಿಲ್ಲದವರಿಗೆ ಟವೆಲ್ ಹಾಸೀಯಾ? ನಾ ಆಲಮಟ್ಟಿಯಿಂದ ಬ್ಯಾರೆ ಬಸ್ಸಿನ್ಯಾಗ ನಿಂತs ಬಂದೇನಿ ನೋಡಪಾ."

ಕನಿಕರವಾಯಿತು. ಆದರೆ ನನ್ನ ತಲೆಯಲ್ಲಿದ್ದದ್ದು ಬೆತ್ಲೆಹೇಮಿನ ಚಿತ್ರ: ಗರ್ಭಿಣಿ ಹೆಂಡತಿ, ದಣಿದ ಗಂಡ. ಅದಕ್ಕೆ ಈ ಅಜ್ಜಿ ಹೊಂದುತ್ತಿರಲಿಲ್ಲ!

ಕಂಡಕ್ಟರ್ ಬಂದ. "ಏನಪಾ, ಟವೆಲ್ಲಿಗೂ ಟಿಕೆಟ್ ಕೊಡಲೇನು?"

ಅಷ್ಟರಲ್ಲಿ ಬಂದರು ನೋಡಿ! ಮುಂದೆ ಗಂಟು ಹೊತ್ತ ಗಂಡ, ಹಿಂದೆ ಸೆರಗು ಹೊದ್ದು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡ ಹೆಂಡತಿ. ನನಗೆ ರೋಮಾಂಚನ! ಥೇಟ್ ಪಾಸ್ಟರ್ ದನಿಯಲ್ಲಿ, ಬಸ್ಸಿಗೆಲ್ಲ ಕೇಳುವಂತೆ ಘೋಷಿಸಿದೆ: "ಬಾ ತಾಯಿ, ನಿನಗಿಲ್ಲಿ ಸ್ಥಳವಿದೆ!" ಕೂತೇ ಘೋಷಿಸಿದೆ. ಎದ್ದರೆ ನನ್ನ ಸೀಟು ಹೋದೀತಲ್ಲ!

ಆಕೆ ಗಾಬರಿಯಾಗಿ ಕೂತಳು. ಸೆರಗಿನೊಳಗಿಂದ ಉತ್ತರ ಬಂತು: "ಕೊಕ್ಕೋಕೋ!"

ಹುಂಜ! ಕೆಂಪು ಜುಟ್ಟಿನ, ಎರಡು ಕಿಲೋ ತೂಗುವ ಹುಂಜ!

"ಇದಕ್ಕೂ ಟಿಕೆಟ್ ತಗೀಬೇಕವ್ವಾ!" ಕಂಡಕ್ಟರ್ ಕೂಗಿದ.

"ನೀ ಯಾಕ ಒದರಿದ್ಯೋ?" ಆಕೆ ನನ್ನನ್ನು ದುರುಗುಟ್ಟಿ ನೋಡಿದಳು. "ತೆಪ್ಪಗ ಮಲಗಿತ್ತು!"

ಬಸ್ಸೆಲ್ಲ ನಕ್ಕಿತು. ಹುಂಜ ಕೂಗುವುದು ಗುಡ್ ಫ್ರೈಡೆಯ ಕಥೆಯಲ್ಲಿ, ಕ್ರಿಸ್ಮಸ್ಸಿನದರಲ್ಲಿ ಅಲ್ಲ ಎಂಬುದು ನನಗೂ ಗೊತ್ತು. ಹುಂಜಕ್ಕೆ ಗೊತ್ತಿರಬೇಕಲ್ಲ!

ಮಾನ ಉಳಿಸಿಕೊಳ್ಳಲೇಬೇಕಿತ್ತು. ಹೊರಟ ಬಸ್ಸಿನಲ್ಲಿ ನನಗೆ ಬೆನ್ನು ಮಾಡಿ ಕಂಬ ಹಿಡಿದು ಓಲಾಡುತ್ತಿದ್ದ ಅಜ್ಜಿಯನ್ನು ತೋರಿಸಿ ಮತ್ತೆ ಪಾಸ್ಟರ್ ಆದೆ: "ಸಹೋದರರೇ, ಕಲ್ಲೆದೆಯವರಾಗಬೇಡಿ! ಈ ತಾಯಿಗೆ ನಿಮ್ಮಲ್ಲಿ ಯಾರಾದರೂ ಸ್ಥಳ ಕೊಡಿ!"

ಯಾರೂ ಏಳಲಿಲ್ಲ. ಅಜ್ಜಿ ಮಾತ್ರ ಗಕ್ಕನೆ ಹಿಂದೆ ಮುಂದೆ ತಿರುಗಿ ಹುಡುಕಿದಳು.

"ಯವ್ವಾ, ಆಗಲೂ ಕೇಳಿದಂಗಾತು, ಇದು ನನ್ನ ಮಗನ ದನಿ! ಬಸ್ಸಿನ್ಯಾಗ ಅದಾನೇನು ಅಂವಾ?"

"ನಿಮ್ಮ ಮಗ ಯಾರ್ರಿ ಅಜ್ಜಿ?" ನನ್ನ ಸ್ವಂತ ದನಿ ಬಹಳ ಸಣ್ಣಗೆ ಬಂತು.

"ಸಿಂದಗ್ಯಾಗ ಪಾಸ್ಟರ್ ಅದಾನ. ಕ್ರಿಸ್ಮಸ್ಸಿಗಂತ ಅವನ ಮನಿಗೇ ಹೊಂಟೇನಿ."

ನನ್ನ ಮೈಕು ಕಣ್ಣೆದುರೇ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ದನಿ ನನ್ನದೆಂದು ಒಪ್ಪಿಕೊಂಡೆ. ಅಜ್ಜಿ ನನ್ನನ್ನು, ನನ್ನ ಸೀಟನ್ನು, ಪಕ್ಕದ ಹುಂಜವನ್ನು ಒಂದೊಂದಾಗಿ ನೋಡಿ ಹೇಳಿದಳು:

"ದನಿ ಥೇಟ್ ಅವನದs ತಗೀತಿ ಬಿಡು. ಆದ್ರ ನನ್ನ ಮಗಾ ಇದ್ದಿದ್ರ ಇಷ್ಟೊತ್ತಿಗೆ ಎದ್ದು ನಿಂತಿರ್ತಿದ್ದ. ಅದನ್ನೂ ಅಷ್ಟು ಮಿಮಿಕ್ರಿ ಮಾಡಪಾ, ನೋಡೂಣು!"