ವಕೀಲರನ್ನು ಕಂಡರೆ ಅಡಗುವ ಜಡ್ಜ್ ಅತ್ಯಾ

ನಮ್ಮ ಅತ್ಯಾನ ಮುಂದೆ ‘ನನಗೆ ಹಸಿವಾಗಿದೆ’ ಅಂತ ಒಮ್ಮೆ ಹೇಳಿ ನೋಡಿ! ತಾಟು ಹಾಕುವ ಮೊದಲು ಸಾಕ್ಷಿ ಕೇಳುತ್ತಾಳೆ. ‘ಎಷ್ಟೊತ್ತಿಗೆ ಉಂಡಿದ್ದಿ? ಏನು ಉಂಡಿದ್ದಿ? ಉಂಡಿದ್ದನ್ನ ನೋಡಿದವರು ಯಾರು?’ ಇಷ್ಟೆಲ್ಲ ಆಗುವುದರೊಳಗೆ ಹಸಿವೇ ಸತ್ತುಹೋಗಿರುತ್ತದೆ. ಆಗ ಅತ್ಯಾ ಗೆದ್ದ ಮುಖ ಮಾಡಿ, ‘ನೋಡಿದ್ಯಾ, ಖರೇ ಹಸಿವಿ ಇರಲೇ ಇಲ್ಲ’ ಅನ್ನುತ್ತಾಳೆ!

ಆಕೆ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ಧಾರವಾಡದಲ್ಲಿ, ಈಗ ಪುಣೆಯ ಕೋರ್ಟಿನಲ್ಲಿ ಜಡ್ಜ್. ಮದುವೆಯಾಗಿಲ್ಲ. ಯಾಕೆ ಅಂತ ಕೇಳಿದರೆ, ‘ಬಂದ ಅರ್ಜಿ ಒಂದರಾಗೂ ದಮ್ ಇರಲಿಲ್ಲವ್ವಾ, ಎಲ್ಲಾ ವಜಾ ಮಾಡಿದೆ’ ಅನ್ನುತ್ತಾಳೆ. ನಾನು ಚಿಕ್ಕವಳಿದ್ದಾಗಲೇ ನನ್ನ ಅವ್ವ ತೀರಿಕೊಂಡಳು. ಆಮೇಲೆ ಅತ್ಯಾ ತನಗೆ ವರ್ಗವಾದ ಊರಿಗೆಲ್ಲ ನನ್ನನ್ನೂ ಕಟ್ಟಿಕೊಂಡು ತಿರುಗಿದಳು, ತಲೆಗೆ ಎಣ್ಣೆ ಹಚ್ಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಈಗ ಅಪ್ಪ, ಅತ್ಯಾ, ನಾನು ಮೂವರೂ ಪುಣೆಯ ಪಕ್ಕದ ನಿಗಡಿಯಲ್ಲಿದ್ದೇವೆ. ಆಕೆ ಹೂಂ ಅನ್ನದೆ ನಮ್ಮ ಮನೆಯ ಕುರ್ಚಿ ಕೂಡ ಜಾಗ ಬಿಟ್ಟು ಅಲುಗಾಡುವುದಿಲ್ಲ.

ಕಾಯಿಪಲ್ಯೆ ತರಲು ಆಕೆಯ ಜೊತೆ ಹೋಗುವ ಸುಖ ಏನು ಹೇಳಲಿ! ಒಮ್ಮೆ ಬದನೆಕಾಯಿ ಮಾರುವವಳು ‘ಈಗಷ್ಟೇ ಕೊಯ್ದದ್ದು ತಾಯೀ’ ಅಂದಳು. ಪಕ್ಕದಲ್ಲಿ ಮೆಂತ್ಯೆ ಮಾರುತ್ತಿದ್ದವನು ಬಾಯಿ ತಡೆಯಲಾರದೆ ‘ನಿನ್ನೇದು’ ಅಂದುಬಿಟ್ಟ. ಮುಗಿಯಿತು! ಅತ್ಯಾ ಅಲ್ಲೇ ನಿಂತು ಆಕೆಯ ಮಾತು ಕೇಳಿದಳು, ಅವನ ಮಾತು ಕೇಳಿದಳು, ಅದಕ್ಕೆ ಆಕೆಯ ಉತ್ತರ ಕೇಳಿದಳು, ಬದನೆಕಾಯಿಯ ತೊಟ್ಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಸುತ್ತ ಮಂದಿ ನೆರೆದರು. ನಾನು ಚೀಲ ಹಿಡಿದು ನಿಂತೇ ಇದ್ದೆ. ಕೊನೆಗೆ ಅತ್ಯಾ ಖಾಲಿ ಕೈಯಲ್ಲಿ ಹೊರಟಳು. ಬದನೆಕಾಯಿ ಎಲ್ಲಿ ಅಂದರೆ, ‘ತೀರ್ಪು ನಾಳೆಗೆ ಇಟ್ಟೇನಿ’ ಅಂದಳು! ಆ ದಿನ ನಾವು ಉಪ್ಪಿನಕಾಯಿ ಕಲಸಿಕೊಂಡು ಉಂಡೆವು.

ಯಾರಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ ಅನ್ನುವುದು ಆಕೆಯ ಇನ್ನೊಂದು ನೇಮ. ಇವತ್ತು ಮಾವಿನಹಣ್ಣು ಕೊಟ್ಟವರು ನಾಳೆ ಕಟಕಟೆಯಲ್ಲಿ ನಿಲ್ಲಬಹುದಂತೆ! ಎದುರು ಮನೆಗೆ ಹೊಸದಾಗಿ ಬಂದವರೊಬ್ಬರು ಒಂದು ಪೆಟ್ಟಿಗೆ ಆಪೂಸ್ ನಮ್ಮ ಬಾಗಿಲಲ್ಲಿಟ್ಟು ಊರಿಗೆ ಹೋಗಿಬಿಟ್ಟರು. ಮರಳಿಸೋಣ ಅಂದರೆ ಮನೆಗೆ ಕೀಲಿ. ಒಳಗೆ ತರೋಣ ಅಂದರೆ ಅತ್ಯಾ ಬಿಡುವುದಿಲ್ಲ. ಹಣ್ಣು ಹೊರಗೇ ಕೂತು ಘಮ್ಮಂತ ವಾಸನೆ ಬಿಡತೊಡಗಿದವು. ಅಪ್ಪ ದಿನಾ ಬಾಗಿಲು ತೆರೆದು ಉಸಿರು ಎಳೆದುಕೊಂಡು ಒಳಗೆ ಬರುತ್ತಿದ್ದ, ಪಾಪ! ಆ ಮನುಷ್ಯ ತಿರುಗಿ ಬರುವ ಹೊತ್ತಿಗೆ ಹಣ್ಣೆಲ್ಲ ಕೊಳೆತಿದ್ದವು. ವಿಚಾರಿಸಿದರೆ ಅವರು ಹಲ್ಲಿನ ಡಾಕ್ಟರು!

‘ಅಕ್ಕಾ, ಹಲ್ಲಿನ ಡಾಕ್ಟರಗ ಕೋರ್ಟಿನಾಗ ಏನು ಕೆಲಸ?’ ಅಂತ ಅಪ್ಪ ಅಳುಮುಖ ಮಾಡಿದ.

‘ತಪ್ಪು ಹಲ್ಲು ಕಿತ್ತರ ಬರ್ತಾನಲ್ಲೋ!’ ಅಂದಳು ಅತ್ಯಾ.

ಇನ್ನು ವಕೀಲರ ಸುದ್ದಿ! ಕೋರ್ಟಿನ ಹೊರಗೆ ವಕೀಲರ ಜೊತೆ ಮಾತಾಡುತ್ತ ನಿಂತರೆ ನೋಡಿದವರು ಏನಂದಾರು ಅನ್ನುವ ಅಂಜಿಕೆ ಆಕೆಗೆ. ಮನೆಯಲ್ಲಿ ‘ವಕೀಲ’ ಅನ್ನುವ ಶಬ್ದ ಕಿವಿಗೆ ಬಿದ್ದರೂ ಎದ್ದು ಒಳಗೆ ಹೋಗುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋಗಿದ್ದೆವು. ಎದುರಿನಿಂದ ತನ್ನ ಕೋರ್ಟಿನ ಹಿರಿಯ ವಕೀಲರೊಬ್ಬರು ಬರುವುದನ್ನು ಕಂಡದ್ದೇ ತಡ, ಅತ್ಯಾ ಓಡಿಹೋಗಿ ಕಬ್ಬಿನಹಾಲಿನ ಗಾಡಿಯ ಹಿಂದೆ ಅಡಗಿದಳು! ಅಲ್ಲಿ ನೋಡಿದರೆ ಆ ವಕೀಲರೂ ಆಗಲೇ ಬಂದು ಅಡಗಿ ಕೂತಿದ್ದರು! ‘ನಮಸ್ಕಾರ ಮ್ಯಾಡಂ’ ಅಂತ ಅವರು ಕೂತಲ್ಲೇ ಕೈ ಮುಗಿದರಂತೆ.

ಇಂಥ ಮನೆಯ ಹುಡುಗಿ ನಾನು, ಪ್ರೀತಿ ಮಾಡಿದ್ದು ಯಾರನ್ನು? ಊರಲ್ಲಿ ಇಂಜಿನಿಯರುಗಳಿಗೆ ಬರವಿತ್ತೇ? ಡಾಕ್ಟರುಗಳು ಸಿಗುತ್ತಿರಲಿಲ್ಲವೇ? ಆದರೆ ನಾನು ಆಫೀಸಿಗೆ ಹೋಗುವ ಮೆಟ್ರೋದಲ್ಲಿ ಒಬ್ಬ ಹುಡುಗ ದಿನಾ ಕಿಟಕಿಯ ಗಾಜಿಗೆ ಕೈ ಮುಗಿದು, ‘ಮ್ಯಾಡಂ, ದಯವಿಟ್ಟು ಇದೊಂದು ಮಾತು ಕೇಳಬೇಕು’ ಅಂತ ಮರಾಠಿಯಲ್ಲಿ ಗೋಗರೆಯುತ್ತಿದ್ದ. ಮೊದಲ ದಿನ ಹುಚ್ಚ ಅಂದುಕೊಂಡೆ. ಮರುದಿನ ಅಯ್ಯೋ ಪಾಪ ಅನ್ನಿಸಿತು. ಅದರ ಮರುದಿನ ಕಿಟಕಿಯ ಪಕ್ಕದ ಜಾಗ ನಾನೇ ಹಿಡಿದೆ! ಪುಣೆ ಹತ್ತಿರದ ಶಿರೂರಿನವನಂತೆ, ಹೊಸ ವಕೀಲನಂತೆ, ವಾದ ಬಾಯಿಪಾಠ ಮಾಡುತ್ತಿದ್ದನಂತೆ. ‘ನಮ್ಮ ಜಡ್ಜ್ ಮ್ಯಾಡಂ ಭಾರೀ ಖಡಕ್, ಅವರನ್ನು ನೋಡಿದರೆ ನನಗೆ ನಾಲಿಗೆ ಒಣಗುತ್ತದೆ’ ಅಂದ. ಯಾವ ಮ್ಯಾಡಂ ಅಂತ ವರ್ಣನೆ ಕೇಳುತ್ತ ಕೇಳುತ್ತ ನನ್ನ ನಾಲಿಗೆಯೂ ಒಣಗಿತು. ಅದು ನಮ್ಮ ಅತ್ಯಾ!

ಮನೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟೆ. ಅಪ್ಪನಿಗೆ ಹೇಳಿದರೆ, ‘ಅಕ್ಕಾ ಹೂಂ ಅಂದ್ರ ನಂದೂ ಹೂಂ. ಆಕಿ ಊಹೂಂ ಅಂದ್ರ ನಾ ಊರಾಗೇ ಇಲ್ಲ’ ಅಂದ. ನನಗೂ ಅಷ್ಟೇ. ನನ್ನನ್ನು ಸಾಕಿದವಳು ಮುಖ ತಿರುಗಿಸಿದರೆ ಆ ಮದುವೆ ನನಗೆ ಬೇಡವಾಗಿತ್ತು. ಹುಡುಗನನ್ನು ಬಿಡಲಂತೂ ಮೊದಲೇ ಸಾಧ್ಯವಿರಲಿಲ್ಲ. ಒಂದು ಮುಂಜಾನೆ ಆಕೆ ಚಹಾ ಕುಡಿಯುವಾಗ ಕಣ್ಣು ಮುಚ್ಚಿ ಅವನ ಹೆಸರು, ಊರು, ಕೆಲಸ ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

‘ವಕೀಲಾ?’ ಅಂದಳು.

‘ಹೌದು.’

‘ಯಾವ ಕೋರ್ಟು?’

‘ನಿಂದೇ, ಅತ್ಯಾ.’

ಕಪ್ಪು ಕೆಳಗಿಟ್ಟಳು. ಬೈಯಲಿಲ್ಲ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೀರೆ ಉಟ್ಟು ಕೋರ್ಟಿಗೆ ಹೊರಟುಹೋದಳು.

ಮಧ್ಯಾಹ್ನ ಹುಡುಗನ ಫೋನು. ‘ಸತ್ತೆ! ನಿಮ್ಮ ಅತ್ಯಾ ನನ್ನ ಕೇಸನ್ನೆಲ್ಲ ತಮ್ಮ ಕೋರ್ಟಿನಿಂದ ಹೊರಗೆ ಹಾಕಿಸಿದ್ದಾರೆ. ದೊಡ್ಡ ಜಡ್ಜ್ ಸಾಹೇಬರಿಗೆ ಬರೆದು ಬೇರೆ ಜಡ್ಜ್ ಹತ್ತಿರ ಕಳಿಸಿದರು. ನನ್ನ ಮುಖವನ್ನೇ ನೋಡಬಾರದು ಅಂತ ಇದ್ದಾರೆ!’ ನಾನು ಗೊಳೋ ಅಂತ ಅಳುತ್ತ ಅಪ್ಪನಿಗೆ ಹೇಳಿದೆ. ಅಪ್ಪ ಕುರ್ಚಿಯಿಂದ ಟಣ್ಣನೆ ಎದ್ದು ನಿಂತ.

‘ಏ ಹುಚ್ಚೀ! ಸಂಬಂಧಿಕ ವಕೀಲನ ಕೇಸು ಜಡ್ಜ್ ಕೇಳೋ ಹಂಗಿಲ್ಲ. ತನ್ನ ಕೋರ್ಟಿನಿಂದ ಅವನ ಕೇಸು ತೆಗಿಸ್ಯಾಳ ಅಂದ್ರ ಏನರ್ಥ? ಅವನ್ನ ಸಂಬಂಧಿಕ ಅಂತ ಬರದುಕೊಟ್ಟಾಳ!’

ಅಯ್ಯೋ, ಆ ಕ್ಷಣದ ನನ್ನ ಆನಂದ ಹೇಗೆ ಹೇಳಲಿ! ಅಪ್ಪನ ಎರಡೂ ಕೈ ಹಿಡಿದು ಗಿರಗಿರ ತಿರುಗಿದೆ. ಅಳುವುದೂ ನಗುವುದೂ ಒಟ್ಟಿಗೇ ಬಂತು. ಸಂಜೆ ಬಂದ ಅತ್ಯಾ ಮಾತ್ರ, ‘ಕುಣೀಬ್ಯಾಡ. ಇದು ಮಧ್ಯಂತರ ಆದೇಶ. ಎದುರು ಪಕ್ಷದವರ ಮಾತು ಕೇಳದ ನಾ ತೀರ್ಪು ಕೊಡಂಗಿಲ್ಲ. ರವಿವಾರ ಶಿರೂರಿಗೆ ಹೋಗೂಣು’ ಅಂದಳು.

ಶಿರೂರಿನಲ್ಲಿ ಹುಡುಗನ ಅವ್ವನದು ಉಳ್ಳಾಗಡ್ಡಿ ವ್ಯಾಪಾರ. ಗಂಡ ಹೋದಮೇಲೆ ಎಲ್ಲ ಅವರೇ ನೋಡಿಕೊಂಡವರು. ಲಿಲಾವಿನಲ್ಲಿ ಹರಾಜು ಕೂಗಿ ಕೂಗಿ ಪಳಗಿದ ಧ್ವನಿ ಬೇರೆ! ನಮ್ಮನ್ನು ಕಂಡದ್ದೇ ಸಂಭ್ರಮದಿಂದ ಒಳಗೆ ಕರೆದುಕೊಂಡರು. ಹುಡುಗ ಹೊಸ ಅಂಗಿ ಹಾಕಿಕೊಂಡು, ತನಗೆ ಬರುವ ಒಂದೇ ಕನ್ನಡ ಶಬ್ದ ‘ಹೌದ್ರಿ’ ಅನ್ನುವುದನ್ನು ಎಲ್ಲರಿಗೂ ಹಂಚುತ್ತಿದ್ದ. ಎಲ್ಲ ಚೆನ್ನಾಗಿತ್ತು, ಅತ್ಯಾ ಮದುವೆಯ ಮಾತು ತೆಗೆಯುವ ತನಕ.

‘ಮದುವೆ ರಜಿಸ್ಟ್ರಾರ್ ಆಫೀಸಿನಲ್ಲಿ’ ಅಂದಳು ಅತ್ಯಾ, ಆದೇಶ ಓದುವ ಧ್ವನಿಯಲ್ಲಿ, ಮರಾಠಿಯಲ್ಲಿ. ‘ಮನೆಯವರು ಮಾತ್ರ. ನಾನು ಜಡ್ಜ್. ಹೆಚ್ಚು ಮಂದಿ ಕರೆದರೆ ಯಾರು ಯಾರೋ ಉಡುಗೊರೆ ಹಿಡಿದು ಬರುತ್ತಾರೆ. ಚಹಾ, ಬಿಸ್ಕೀಟು ಸಾಕು.’

‘ಬಿಸ್ಕೀಟು?’ ಅಂದರು ಹುಡುಗನ ಅವ್ವ. ‘ನನಗಿರೋನು ಒಬ್ಬ ಮಗ. ಈ ಊರಲ್ಲಿ ಯಾರ ಮನೆಯ ಮದುವೆಯಲ್ಲಿ ನಾನು ಉಂಡಿಲ್ಲ? ಅವರಿಗೆಲ್ಲ ಬಿಸ್ಕೀಟು ಕೊಟ್ಟು ಕಳಿಸಲಾ?’

‘ನಾನು ಹೇಳುವುದು ಇನ್ನೂ ಮುಗಿದಿಲ್ಲ.’

‘ನಾನು ಹೇಳುವುದು ಇನ್ನೂ ಶುರುವೇ ಆಗಿಲ್ಲ!’

ಅಪ್ಪ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದ. ಅತ್ಯಾ ಹುಡುಗನ ಕಡೆ ತಿರುಗಿ ‘ನಾನು ಹೇಳಿದ್ದು ಸರಿಯಲ್ಲವೇ?’ ಅಂದಳು. ‘ಹೌದ್ರಿ’ ಅಂದ. ಅವನ ಅವ್ವ ‘ಏನೋ, ಊರಿಗೆ ಊಟ ಹಾಕಬೇಕೋ ಬೇಡವೋ?’ ಅಂದರು. ಅದಕ್ಕೂ ‘ಹೌದ್ರಿ’ ಅಂದ! ಮಾತಿಗೆ ಮಾತು ಬೆಳೆಯಿತು. ಅತ್ಯಾ ಮುಖ ಕೆಂಪು ಮಾಡಿಕೊಂಡು ಎದ್ದು ನಿಂತಳು. ಆಕೆ ಎದ್ದರೆ ಕೋರ್ಟಿಗೆ ಕೋರ್ಟೇ ಎದ್ದು ನಿಲ್ಲುತ್ತದೆ. ಅಪ್ಪ ಎದ್ದ, ಹುಡುಗ ಎದ್ದ, ನಾನೂ ಎದ್ದೆ. ಆ ಅವ್ವ ಮಾತ್ರ ಚಾಪೆಯ ಮೇಲಿಂದ ಕದಲಲಿಲ್ಲ.

‘ಕೂತ್ಕೊಳ್ಳಿ! ಎದ್ದು ಹೋದರೆ ಜಗಳ ಮುಗಿಯುತ್ತದೆಯೇ?’ ಅಂದರು.

ನಮ್ಮ ಅತ್ಯಾ ಕೂತಳು!

ಮತ್ತೆ ಇಬ್ಬರೂ ಜಗಳಕ್ಕೆ ಹತ್ತಿದರು. ಊಟದ ತಾಟು ಬಂತು, ಉಣ್ಣುತ್ತ ಜಗಳಾಡಿದರು. ಕೈ ತೊಳೆಯುತ್ತ ಜಗಳಾಡಿದರು. ಕಾರಿನ ತನಕ ಕಳಿಸಲು ಬಂದಾಗಲೂ ಜಗಳಾಡಿದರು. ಒಂದು ಮಾತೂ ಹೊಂದಲಿಲ್ಲ.

ನನ್ನ ಮದುವೆ ಮುರಿಯಿತು ಅಂದುಕೊಂಡೆ. ಇನ್ನೇನು ಉಳಿದಿತ್ತು? ಹಿಂದಿನ ಸೀಟಿನಲ್ಲಿ ಅತ್ಯಾನ ಪಕ್ಕ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದೆ. ಅರ್ಧ ದಾರಿ ಕಳೆದು ಶಿಕ್ರಾಪುರ ಬಂತು.

‘ಸಿಟ್ಟು ಬಂತಾ, ಅತ್ಯಾ?’ ಅಂತ ಕೊನೆಗೆ ನಾನೇ ಕೇಳಿದೆ.

‘ಯಾರಿಗೆ, ನನಗಾ?’ ಅಂತ ತಿರುಗಿದಳು. ಆಕೆಯ ಕಣ್ಣು ತುಂಬಿದ್ದವು, ಮುಖ ತುಂಬ ನಗೆ. ನಾನು ಆಕೆಯನ್ನು ಹಾಗೆ ಎಂದೂ ನೋಡಿರಲಿಲ್ಲ.

‘ನೋಡಿದ್ಯಾ, ಆಕಿ ನನ್ನ ಜೋಡಿ ಜಗಳಾ ಆಡಿದ್ಳು! ದಿನಾ ನನ್ನ ಮುಂದ ಮಂದಿ ಜಗಳಾಡ್ತಾರವ್ವಾ, ನನ್ನ ಜೋಡಿ ಯಾರೂ ಆಡಂಗಿಲ್ಲ. ನಾ ಬಂದ್ರ ಎದ್ದು ನಿಂದರ್ತಾರ, ನಾ ಬಾಯಿ ತೆಗೆದ್ರ ಸುಮ್ಮನಾಗ್ತಾರ. ನಿಮ್ಮಪ್ಪ ಸೈತ ಹೆದರ್ತಾನ. ಯಾ ಊರಿಗೆ ಹೋದ್ರೂ ಒಬ್ಬ ಗೆಳತಿನ್ನ ಮಾಡಿಕೊಳ್ಳಲಿಲ್ಲ ನಾ, ಮಾಡಿಕೊಳ್ಳೋ ಹಂಗಿರಲಿಲ್ಲ. ಇಕಿ ನಂಗ ಕುಂದ್ರು ಅಂದ್ಳು ನೋಡು!’

ನನಗೆ ದುಃಖ ಒತ್ತರಿಸಿ ಬಂತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೆ, ಈಕೆಗೆ ಯಾರೂ ಇಲ್ಲ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಅತ್ಯಾನ ತೋಳಿಗೆ ಒರಗಿಕೊಂಡೆ. ಆಕೆ ನನ್ನ ಕಣ್ಣೊರೆಸಿ, ‘ಅಳಬ್ಯಾಡ. ನಿನ್ನ ಮದುವಿ ಆ ಮನ್ಯಾಗೇ. ಇಂಥಾ ಬೀಗತಿ ನಂಗ ಇನ್ನೆಲ್ಲಿ ಸಿಗಬೇಕು?’ ಅಂದಳು.

ಇದ್ದಕ್ಕಿದ್ದಂತೆ ಮುಂದೆ ಬಗ್ಗಿ ಅಪ್ಪನ ಭುಜ ತಟ್ಟಿದಳು.

‘ಗಾಡಿ ತಿರುಗಸೋ.’

‘ಯಾಕಕ್ಕಾ, ಏನರೆ ಮರತ್ಯಾ?’

‘ಆಕೀಗೆ ಇನ್ನೊಂದು ಮಾತು ಹೇಳೋದದ.’