ಮಾವನ ಹಲ್ಲು ಮತ್ತು ಮೂರು ಪಿನ್ನುಗಳ ಸಾವು

ನನ್ನ ಸೋದರಮಾವ ಮೂರು ಕೊಲೆ ಮಾಡಿದ್ದಾರೆ. ಗಾಬರಿಯಾಗಬೇಡಿ, ಪೊಲೀಸರಿಗೆ ಫೋನ್ ಮಾಡುವಂಥದ್ದೇನೂ ಇಲ್ಲ. ಸತ್ತವು ಮನುಷ್ಯರಲ್ಲ, ಪಿನ್ನುಗಳು. ಸೀರೆಗೆ ಚುಚ್ಚುವ ಪಿನ್ನಲ್ಲ ಮತ್ತೆ! ಮೊಬೈಲಿನಲ್ಲಿ ದುಡ್ಡು ಕಳಿಸಿದಾಗ ಮೆಸೇಜಿನಲ್ಲಿ ಬರುತ್ತದಲ್ಲ, ಆ ನಾಲ್ಕಂಕಿಯ ಪಿನ್ನು. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದನ್ನು ಎಟಿಎಂ ಮಿಷನ್ನಿಗೆ ಮುಟ್ಟಿಸಿದರೆ ನೋಟಾಗುತ್ತದೆ, ಇಲ್ಲವಾದರೆ ಸಾಯುತ್ತದೆ. ಅಂಥ ಮೂರು ಪಿನ್ನುಗಳು ನನ್ನ ಮಾವನ ಕೈಯಲ್ಲಿ ಒಂದಾದ ಮೇಲೊಂದು ಕಣ್ಣು ಮುಚ್ಚಿದವು. ಸೊಳ್ಳೆಯನ್ನು ಹೊಡೆಯುವ ಮುಂಚೆ ಕೂಡ "ಹೋಗು ಆಚೆ" ಎಂದು ಒಂದು ಸಲ ಹೇಳಿ ನೋಡುವ ಮನುಷ್ಯ ಇವರು.

ಇಷ್ಟಕ್ಕೂ ಆ ದುಡ್ಡು ಯಾತಕ್ಕೆ ಅಂದಿರಾ? ಹಲ್ಲಿಗೆ.

ಮಾವ ಬಾಣಾವರದವರು. ನಲವತ್ತು ವರ್ಷ ಬೆಳಗಾದರೆ ರೈಲು ಹತ್ತಿ ಅರಸೀಕೆರೆಗೆ ಹೋಗಿ, ಅಲ್ಲಿನ ಒಂದು ಮಂಡಿಯಲ್ಲಿ ಕೊಬ್ಬರಿಯ ಗುಣ ನೋಡಿ ಹೇಳುವ ಕೆಲಸ ಮಾಡಿದರು. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಿನಿಂದ ಟಕ್ ಎಂದು ತಟ್ಟಿ, ಆಮೇಲೆ ಒಡೆದು ಒಂದು ಚೂರು ಕಚ್ಚಿ, ಕಣ್ಣು ಮುಚ್ಚಿ, "ಇದು ಇನ್ನೂ ಒಣಗಬೇಕು" ಎಂದರೆ ಮುಗಿಯಿತು. ರೈತನೂ ಎದುರಾಡುತ್ತಿರಲಿಲ್ಲ, ಸಾಹುಕಾರನೂ ಎದುರಾಡುತ್ತಿರಲಿಲ್ಲ. ನಮ್ಮಪ್ಪ ತೀರಿಹೋದ ಮೇಲೆ ನನ್ನನ್ನು ಬಿ.ಎಡ್. ತನಕ ಓದಿಸಿದ್ದೂ ಆ ಹಲ್ಲುಗಳೇ.

ಆ ಹಲ್ಲುಗಳು ಒಂದೊಂದಾಗಿ ಉದುರಿ, ಕೊನೆಗೆ ಎರಡು ಉಳಿದವು. ಒಂದು ಮೇಲೆ ಬಲಕ್ಕೆ, ಇನ್ನೊಂದು ಕೆಳಗೆ ಎಡಕ್ಕೆ, ಜಗಳವಾಡಿದ ದಾಯಾದಿಗಳ ಹಾಗೆ ದೂರ ದೂರ. ಮಂಡಿಯವರು "ಕಚ್ಚದೆ ಹೆಂಗೆ ಹೇಳ್ತೀರಿ ಯಜಮಾನ್ರೇ, ಹಲ್ಲು ಕಟ್ಟಿಸ್ಕೊಂಡು ಬನ್ನಿ" ಎಂದು ನಯವಾಗಿ ಮನೆಗೆ ಕಳಿಸಿದರು. ಅವತ್ತಿನಿಂದ ಮಾವ ಜಗಲಿಯ ಮೇಲೆ ಕೂತು, ಪೂಜೆಗೆಂದು ಕಾಯಿ ಹಿಡಿದು ಹೋಗುವವರನ್ನು ನಿಲ್ಲಿಸಿ, ಅದನ್ನು ತಟ್ಟಿ, ಯಾರೂ ಕೇಳದ ತೀರ್ಪು ಕೊಡತೊಡಗಿದರು. ಮನೆಯೊಳಗೆ ನಮ್ಮತ್ತೆ ಚಕ್ಕುಲಿಯನ್ನೂ ಮಿಕ್ಸಿಗೆ ಹಾಕತೊಡಗಿದರು. ಚಕ್ಕುಲಿಯ ಹಿಟ್ಟನ್ನು ಚಮಚದಲ್ಲಿ ತಿನ್ನುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನೇ ಹಟ ಹಿಡಿದು ಅರಸೀಕೆರೆಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಉಳಿದ ಎರಡನ್ನೂ ಕಿತ್ತು, ಗಾಯ ಮಾಗಿದ ಮೇಲೆ ಅಳತೆ ತೆಗೆದು, "ದುಡ್ಡು ಕಟ್ಟಿದ ತಕ್ಷಣ ಸೆಟ್ಟು ಮಾಡಿಸ್ತೀವಿ. ತುಂಬಾ ತಡ ಮಾಡಿದ್ರೆ ಒಸಡು ಕುಗ್ಗತ್ತೆ, ಈ ಅಳತೆ ಕೆಲಸಕ್ಕೆ ಬರಲ್ಲ" ಎಂದರು. ದುಡ್ಡು ನಾನು ಕೊಡುತ್ತೇನೆ ಎಂದೆ. ಅಲ್ಲಿಂದ ಶುರುವಾಯಿತು ನೋಡಿ.

ಮಾವನ ಕಾನೂನಿನ ಪ್ರಕಾರ ಸೋದರಮಾವನಾದವನು ಹೆಣ್ಣುಮಗಳಿಗೆ ಕೊಡಬೇಕೇ ಹೊರತು ಅವಳ ಕೈಯಿಂದ ಬಿಡಿಗಾಸೂ ಈಸಿಕೊಳ್ಳಬಾರದು. ಹಾಗಾಗಿ ನೋಟು ಕೈಗೆ ಕೊಡುವಂತಿಲ್ಲ. ಸರಿ, ಬ್ಯಾಂಕಿನ ಖಾತೆಗೆ ಹಾಕುತ್ತೇನೆ ಎಂದೆ. "ಪಾಸ್‌ಬುಕ್ಕಲ್ಲಿ ನಿನ್ ಹೆಸ್ರು ಅಚ್ಚಾಗ್ತದೆ. ನಾಳೆ ಯಾರಾದ್ರೂ ನೋಡಿದ್ರೆ?" ಎಂದರು. ಅವರ ಪಾಸ್‌ಬುಕ್ಕನ್ನು ಯಾರು ನೋಡುತ್ತಾರೋ ದೇವರೇ ಬಲ್ಲ. ಡಾಕ್ಟರಿಗೇ ಕಟ್ಟಿಬಿಡುತ್ತೇನೆ ಎಂದರೆ, "ಹಂಗೆ ಮಾಡಿದ್ರೆ ನಾನು ಆ ಮೆಟ್ಲು ಹತ್ತಲ್ಲ" ಎಂದು ಬೊಚ್ಚು ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡರು.

ಕೊನೆಗೆ ನನಗೆ ಹೊಳೆದದ್ದು ಈ ಪಿನ್ನಿನ ದಾರಿ. ನನ್ನ ಮೊಬೈಲಿನಿಂದ ಅವರ ನಂಬರಿಗೆ ದುಡ್ಡು ಕಳಿಸುವುದು. ಅವರಿಗೆ ಪಿನ್ನು ಬರುತ್ತದೆ. ಅರಸೀಕೆರೆಯ ಎಟಿಎಂಗೆ ಹೋಗಿ ಅದನ್ನು ಒತ್ತಿದರೆ ಕಾರ್ಡು ಇಲ್ಲದೆಯೇ ನೋಟು ಬರುತ್ತದೆ. ಮಾವ ಬಹಳ ಹೊತ್ತು ಯೋಚಿಸಿದರು.

"ಅಂದ್ರೆ ದುಡ್ಡು ಕೊಡೋದು ಮಿಷನ್ನು, ನೀನಲ್ಲ."

"ಮಿಷನ್ನೇ ಮಾವ."

"ಹಂಗಾದ್ರೆ ಸರಿ. ಮಿಷನ್ನು ನಮಗೆ ಯಾವ ಸಂಬಂಧವೂ ಆಗ್ಬೇಕಿಲ್ಲ."

ಶಾಸ್ತ್ರ ಉಳಿಯಿತು! ನಾನು ಟೀಚರಮ್ಮನಲ್ಲವೇ, ಅರ್ಧ ಗಂಟೆ ಪಾಠ ಮಾಡಿದೆ. ಅವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. "ಒಂದ್ ವೇಳೆ ದಿನ ಮೀರಿ ಪಿನ್ನು ಸತ್ತೋದ್ರೆ ದುಡ್ಡು ಯಾರಿಗೆ ಹೋಗ್ತದೆ?" ಕಳಿಸಿದವರಿಗೇ, ಅಂದರೆ ನನಗೇ ವಾಪಸ್ಸು ಬರುತ್ತದೆ ಎಂದು ಮೂರು ಸಲವೂ ಹೇಳಿದೆ. ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲನೆಯ ಪಿನ್ನನ್ನು ಒಂದು ಶುಕ್ರವಾರ, ಬೇಲೂರಿನ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಿಂದ, ಹತ್ತೂ ನಲವತ್ತಕ್ಕೆ ಕಳಿಸಿದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. ಮಾವ ಮೆಸೇಜನ್ನು ತೆರೆಯದೆ ಫೋನನ್ನು ಮಗುಚಿ ಇಟ್ಟರು. ಹನ್ನೆರಡರ ಮೇಲೆ ಊಟ. ಊಟದ ಮೇಲೆ ನಿದ್ದೆ. ಸಂಜೆ ಅತ್ತೆ "ಈಗ್ಲಾದ್ರೂ ಹೊರಡಿ" ಎಂದರೆ ಮಾವನಿಗೆ ಇನ್ನೊಂದು ತಕರಾರು ಹೊಳೆಯಿತು.

"ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಲಕ್ಷ್ಮೀನ ಯಾರಾದ್ರೂ ಆಚೆ ಕಳಿಸ್ತಾರೇನೇ?"

"ಕಳಿಸೋದು ಮಿಷನ್ನು ಕಣ್ರೀ. ನಮಗೆ ಬತ್ತಾಳೆ."

"ಮಿಷನ್ನಿಗೂ ಒಳ್ಳೇದಾಗ್ಲಿ ಅನ್ನೋದು ಬ್ಯಾಡ್ವಾ?"

ಎಟಿಎಂ ಮಿಷನ್ನಿನ ಮನೆತನದ ಬಗ್ಗೆ ಇಷ್ಟು ಕಾಳಜಿ ಇರುವವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಮಾರನೆಯ ದಿನ ಶನಿವಾರ, ಒಂಬತ್ತರಿಂದ ಹತ್ತೂವರೆ ರಾಹುಕಾಲ. ಮಾವ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ, ಗಡಿಯಾರ ನೋಡುತ್ತಾ ಹೊಸಿಲಿನ ಒಳಗಡೆ ನಿಂತರು. ಹತ್ತೂ ಮೂವತ್ತೊಂದಕ್ಕೆ ಬಲಗಾಲಿಟ್ಟು ಹೊರಟರು. ಹತ್ತೂ ನಲವತ್ತಕ್ಕೆ, ಅವರು ಇನ್ನೂ ಬಾಣಾವರದ ಬಸ್ ಸ್ಟಾಪಿನಲ್ಲಿರುವಾಗಲೇ, ಪಿನ್ನು ಪ್ರಾಣ ಬಿಟ್ಟಿತು. ದುಡ್ಡು ನನ್ನ ಮೊಬೈಲಿಗೆ ವಾಪಸ್ಸು ಬಂತು.

ಮುಂದಿನ ಭಾನುವಾರ ಬೈದುಬಿಡೋಣ ಎಂದೇ ಹೋದೆ. ಬೈಸಿಕೊಳ್ಳುವವರು ಬೈಸಿಕೊಳ್ಳುವ ಹಾಗೆ ಇರಬೇಕಲ್ಲ! ಮಾವ ನನ್ನ ಕೈ ಹಿಡಿದುಕೊಂಡು, ನನ್ನ ಬಳೆಗಳನ್ನು ಕೊಬ್ಬರಿ ತಟ್ಟುವ ಹಾಗೆ ಉಗುರಿನಿಂದ ತಟ್ಟಿದರು. ಗಾಜಿನ ಬಳೆಗಳು ಕಿಣಿ ಕಿಣಿ ಎಂದವು.

"ಇದೇನವ್ವಾ, ಬರೀ ಗಾಜು?"

"ಚಿನ್ನದ್ದು ಲಾಕರಲ್ಲಿಟ್ಟಿದೀನಿ ಮಾವ. ಬಸ್ಸಲ್ಲಿ ಓಡಾಡೋದು, ಭಯ" ಎಂದೆ.

"ಹೂಂ. ಒಳ್ಳೇದು" ಎಂದು ಮತ್ತೊಮ್ಮೆ ತಟ್ಟಿ ಕೈ ಬಿಟ್ಟರು.

ಎರಡನೆಯ ಪಿನ್ನನ್ನು ಪಂಚಾಂಗ ನೋಡಿ ಕಳಿಸಿದೆ. ನನ್ನನ್ನು ಈ ಮನುಷ್ಯ ಎಲ್ಲಿಗೆ ತಂದು ನಿಲ್ಲಿಸಿದರು ನೋಡಿ! ಬುಧವಾರ ಮಧ್ಯಾಹ್ನ ಎರಡಕ್ಕೆ ಕಳಿಸಿದೆ. ಮಾವ ಆಗಲೇ ಅತ್ತೆಯನ್ನು ಕರೆದುಕೊಂಡು ಅರಸೀಕೆರೆಗೆ ಹೋದರು. ಮಿಷನ್ನಿನ ಮುಂದೆ ನಿಂತ ಮೇಲೆ ಕನ್ನಡಕ ಮನೆಯಲ್ಲೇ ಉಳಿದಿದೆ ಎಂದು ನೆನಪಾಯಿತಂತೆ. ಅತ್ತೆಗೆ ಮಿಷನ್ನು ಮುಟ್ಟಲು ಭಯ, ಹಾಗಾಗಿ ಅಂಕಿ ಒತ್ತಿಕೊಡಲು ಅಲ್ಲಿನ ಸೆಕ್ಯೂರಿಟಿಯವರನ್ನು ಕರೆದರು. ಆದರೆ ಪಿನ್ನನ್ನು ಯಾರಿಗೂ ಬಾಯಿಬಿಟ್ಟು ಹೇಳಬಾರದು ಎಂದು ನಾನೇ ಪಾಠ ಮಾಡಿದ್ದೆನಲ್ಲ. ಮಾವ ಅಕ್ಷರಶಃ ಬಾಯಿ ಬಿಡಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಆ ಮನುಷ್ಯನ ಕೈ ಮೇಲೆ ಹೊದಿಸಿದರು!

ಹಿಂದೆಲ್ಲ ವ್ಯಾಪಾರದಲ್ಲಿ ಬೆಲೆ ಹೇಳುತ್ತಿದ್ದುದು ಹಾಗೇ. ಪಕ್ಕದವರಿಗೆ ತಿಳಿಯದಂತೆ ಟವೆಲಿನ ಮರೆಯಲ್ಲಿ ಒಬ್ಬರು ಇನ್ನೊಬ್ಬರ ಬೆರಳು ಹಿಡಿಯುವುದು. ಮೂರು ಬೆರಳು ಹಿಡಿದರೆ ಮೂರು, ಅಂಗೈ ಪೂರಾ ಹಿಡಿದರೆ ಐದು. ಪಾಪ, ಆ ಸೆಕ್ಯೂರಿಟಿಯವರಿಗೆ ಇದೆಲ್ಲ ಎಲ್ಲಿ ಗೊತ್ತು? ತನ್ನ ಕೈಯನ್ನು ಟವೆಲಿನೊಳಗೆ ಹಿಸುಕುತ್ತಿರುವ ಮುದುಕರನ್ನು ನೋಡಿ ಬೆವರಿದರಂತೆ. ಅತ್ತೆ ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಮಾವ ಮನೆಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದ ಪಿನ್ನು ಮೂರು, ಸೊನ್ನೆ, ಐದು, ಎರಡು. ಮಾವ ಮೂರು ಬೆರಳು ಹಿಡಿದರು. ಆಮೇಲೆ ಕೈ ಬಿಟ್ಟು ಸುಮ್ಮನೆ ನಿಂತರು. ಆಮೇಲೆ ಐದು ಹಿಡಿದರು, ಎರಡು ಹಿಡಿದರು. ಸುಮ್ಮನೆ ನಿಂತದ್ದೇ ಸೊನ್ನೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಸೆಕ್ಯೂರಿಟಿಯವರು ಸೊನ್ನೆಯ ಜಾಗದಲ್ಲಿ ಒಂದು ಸಲ ಒಂದು, ಇನ್ನೊಂದು ಸಲ ಐದು, ಮತ್ತೊಂದು ಸಲ ತಮಗೆ ತೋಚಿದ್ದು ಒತ್ತಿದರು. ಮೂರು ಸಲ ತಪ್ಪಿದ್ದಕ್ಕೆ ಮಿಷನ್ನು ಬಾಗಿಲು ಹಾಕಿಕೊಂಡಿತು, ಮಾರನೆಯ ದಿನ ಪಿನ್ನೂ ಹೋಯಿತು. ದುಡ್ಡು ಮತ್ತೆ ನನಗೇ ಬಂತು.

"ಸೊನ್ನೆಗೆ ಬೆರಳು ಎಲ್ಲೈತೆ ಮಗಾ?" ಎಂದು ಮಾವ ಫೋನಿನಲ್ಲಿ ಕೇಳಿದರು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ ಹೇಳಿ ಎರಡು ದಿನ ನಕ್ಕೆ.

ನಗುವುದಕ್ಕೆ ಅದೊಂದೇ ಇತ್ತು ಎಂಬುದು ಬೇರೆ ಮಾತು. ನಮ್ಮ ಸ್ಕೂಲಿನಲ್ಲಿ ನಾಲ್ಕು ತಿಂಗಳಿಂದ ಸಂಬಳವಾಗಿರಲಿಲ್ಲ. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ವಾಪಸ್ಸು ಬಂದ ದುಡ್ಡಿನಲ್ಲಿ ಆ ತಿಂಗಳ ಬಾಡಿಗೆ ಕೊಟ್ಟೆ. ಆಮೇಲೆ ಅವರಿವರ ಹತ್ತಿರ ತಂದು ತುಂಬಿಸಿ ಮೂರನೆಯ ಪಿನ್ನನ್ನು ಕಳಿಸಿದೆ. ಡಾಕ್ಟರು ಹೇಳಿದ ಒಸಡಿನ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಮಾರನೆಯ ದಿನ ನಾನು ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹೆಡ್‌ಮಿಸ್ಸು ಬಾಗಿಲಿಗೆ ಬಂದು ಮೆಲ್ಲಗೆ ಹೊರಗೆ ಕರೆದರು. "ಬಾಣಾವರದಿಂದ ಯಾರೋ ಮೆಡಿಕಲ್ ಸ್ಟೋರಿನವರು ಫೋನ್ ಮಾಡಿದ್ರು. ನಿಮ್ಮ ಮಾವನ ಮನೇಲಿ ಎಕ್ಸ್‌ಪೈರ್ ಆಗಿದ್ದಾರಂತೆ. ಲೈನ್ ಕಟ್ಟಾಯ್ತು. ನೀವು ಹೊರಡಿ."

ಹೇಗೆ ಬಸ್ಸು ಹತ್ತಿದೆನೋ ತಿಳಿಯದು. ಮಾವನ ಫೋನು ಹತ್ತುತ್ತಿರಲಿಲ್ಲ. ಹಳೇಬೀಡಿನಲ್ಲಿ ಬಸ್ಸು ಬದಲಿಸುವಾಗ ಅಳುತ್ತಿದ್ದ ನನ್ನನ್ನು ನೋಡಿ, ಗುಡಿ ನೋಡಲು ಬಂದ ಯಾವುದೋ ಊರಿನ ಹೆಂಗಸು ನೀರಿನ ಬಾಟಲಿ ಕೊಟ್ಟರು. ಬೊಚ್ಚು ಬಾಯಿಯಲ್ಲೇ ಹೋಗಿಬಿಟ್ಟರಲ್ಲ, ಒಂದು ಚೂರು ಕೊಬ್ಬರಿ ತಿನ್ನದೆ ಹೋದರಲ್ಲ ಎಂಬುದೇ ದಾರಿಯುದ್ದಕ್ಕೂ ನನ್ನ ಸಂಕಟ.

ಮನೆ ಮುಟ್ಟಿದರೆ ಜಗಲಿಯ ಮೇಲೆ ಮಾವ! ಚಮಚದಲ್ಲಿ ಏನನ್ನೋ ತಿನ್ನುತ್ತಿದ್ದಾರೆ! ಒಳಗಿನಿಂದ ಅತ್ತೆ ತಲೆಗೆ ನೀರು ಹಾಕಿಕೊಂಡ ಒದ್ದೆ ಕೂದಲಿನಲ್ಲಿ ಓಡಿ ಬಂದರು.

"ಯಾರು ಹೋದ್ರು?" ಎಂದೆ.

"ಪಿನ್ನು" ಎಂದರು ಮಾವ.

ಆದದ್ದು ಇಷ್ಟು. ಭದ್ರವಾಗಿರಲಿ ಎಂದು ಮಾವ ಫೋನನ್ನು ರಾಗಿ ಡ್ರಮ್ಮಿನೊಳಗೆ ಇಟ್ಟಿದ್ದರು. ಒಂದು ದಿನ ಕಳೆದ ಮೇಲೆ ಹುಡುಕಿ ತೆಗೆದ ಅತ್ತೆ, ಇಂಗ್ಲಿಷಿನ ಮೆಸೇಜು ನೋಡಿ, ಮೆಡಿಕಲ್ ಸ್ಟೋರಿಗೆ ಒಯ್ದರು. ಅಂಗಡಿಯವರು ಗಿರಾಕಿಗಳ ಗಲಾಟೆಯಲ್ಲಿ "ಎಕ್ಸ್‌ಪೈರ್ ಅಂತೆ" ಎಂದದ್ದೇ ತಡ, ಅತ್ತೆ ಗೋಳೋ ಎಂದರು. ನಮ್ಮ ಕಡೆ ಎಕ್ಸ್‌ಪೈರ್ ಆಗುವುದು ಮನುಷ್ಯರು ಮಾತ್ರ. ಮೂರನೆಯ ಪಿನ್ನು ಬಂದದ್ದನ್ನೇ ಮಾವ ಹೇಳಿರಲಿಲ್ಲ, ಮೆಸೇಜು ನನ್ನ ದುಡ್ಡಿನ ಬಾಬ್ತು ಎಂದು ಅತ್ತೆಗೆ ಹೇಗೆ ತಿಳಿಯಬೇಕು? ನೆಂಟರಲ್ಲಿ ಯಾರೋ ಹೋದರೆಂದು ಮನೆಗೆ ಓಡಿ ಬಂದು ತಲೆಗೆ ನೀರು ಹಾಕಿಕೊಂಡರು. ಅಂಗಡಿಯವರು ಅವರ ಅಳು ನೋಡಿ ಸಾವು ನಿಜವೆಂದೇ ನಂಬಿ, ನಮ್ಮ ಸ್ಕೂಲಿನ ನಂಬರು ಹುಡುಕಿ ಫೋನ್ ಮಾಡಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮಾವ, ನಿಮಗೆ ಬುದ್ಧಿ ಇದೆಯಾ? ಡಾಕ್ಟರ ಅಳತೆ ಹಾಳಾಗುತ್ತೆ. ನಿಮಗೋಸ್ಕರ ನಾನು ಎಷ್ಟು ಸಲ ಸಾಯಲಿ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಮಾವ ಚಮಚ ಕೆಳಗಿಟ್ಟರು. ಅತ್ತೆ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು.

"ಬೈಬ್ಯಾಡ ಕಣೇ. ನನಗೂ ಇವತ್ತೇ ಗೊತ್ತಾಗಿದ್ದು. ನಾನು ಅಳೋದು ನೋಡಕ್ಕಾಗ್ದೆ ಬಾಯಿ ಬಿಟ್ರು. ಮೊದ್ಲನೇದು ರಾಹುಕಾಲಕ್ಕೆ ಹೋಗಿದ್ದು ದಿಟ. ಆಮೇಲಿನ ಎರಡೂ ಬೇಕಂತಲೇ. ನಲವತ್ತು ವರ್ಷ ಟವೆಲಿನೊಳಗೆ ಬೆರಳು ಹಿಡಿದೋರಿಗೆ ಸೊನ್ನೆ ಹೇಳೋಕೆ ಬರಲ್ವಾ? ಮುಷ್ಟಿ ಕಟ್ಟಿದ್ರೆ ಸೊನ್ನೆ, ಅಷ್ಟೇ. ಫೋನನ್ನ ಡ್ರಮ್ಮಿಗೆ ಹಾಕಿ, ಅದರ ಮುಚ್ಚಳದ ಮೇಲೆ ತಾವೇ ಕೂತಿದ್ರು."

"ಯಾಕತ್ತೆ?"

"ನಿನ್ ಬಳೆ ಗಿರವಿ ಇಟ್ಟಿದ್ದೀಯಂತಲ್ಲ."

ಹೌದು. ಹಲ್ಲಿನ ದುಡ್ಡಿಗೆಂದೇ ಗಿರವಿ ಇಟ್ಟಿದ್ದೆ. ಲಾಕರಿನ ಕತೆ ಹೇಳಿ ನಾನೇ ಜಾಣೆ ಅಂದುಕೊಂಡಿದ್ದೆ. ಕೊಬ್ಬರಿಯ ಒಳಗೇನಿದೆ ಎಂದು ಹೊರಗಿನಿಂದಲೇ ತಟ್ಟಿ ಹೇಳುವ ಮನುಷ್ಯನ ಮುಂದೆ! ಪಿನ್ನು ಸತ್ತರೆ ದುಡ್ಡು ಯಾರಿಗೆ ಹೋಗುತ್ತದೆ ಎಂದು ಅವರು ಮೂರು ಸಲ ಕೇಳಿದ್ದು ನೆನಪಾಯಿತು.

ಹೊರಗೆ ಬಂದು ಮಾವನ ಪಕ್ಕ ಕೂತೆ. ಅವರು ರಸ್ತೆ ನೋಡುತ್ತಲೇ ಹೇಳಿದರು. "ನಿನ್ ಮದ್ವೇಲಿ ನಾನು ಹಾಕಿದ ಬಳೆ ಕಣವ್ವ ಅದು. ಅದನ್ನ ಹಲ್ಲು ಮಾಡಿಸಿ ಬಾಯಲ್ಲಿ ಇಟ್ಕೊಂಡು ನಾನು ಹೆಂಗೆ ಕೊಬ್ಬರಿ ಅಗೀಲಿ?"

"ಒಸಡು ಕುಗ್ಗುತ್ತೆ ಮಾವ. ಮಂಡಿಗೆ ಹೋಗೋದು ಬೇಡವಾ ನೀವು?"

"ಕುಗ್ಗಲಿ ಬಿಡು. ಒಸಡು ನಂದೇ, ಎಲ್ಲಿಗೂ ಓಡಿಹೋಗಲ್ಲ. ಇನ್ನೊಂದ್ ಸಲ ಅಳತೆ ತಗೊಂಡ್ರಾಯ್ತು."

"ನೀವು ನನಗೆ ಮಾಡಿದ್ದಕ್ಕೆ ನಾನು ಏನು ಕೊಡಬೇಕು ಹಾಗಾದರೆ? ಒಂದು ಲೆಕ್ಕ ಹೇಳಿಬಿಡಿ" ಎಂದೆ, ಅಳು ಬರುತ್ತಿತ್ತು.

ಮಾವ ಹೆಗಲಿನಿಂದ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದರು. ಅದರ ಮರೆಯಲ್ಲಿ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಹೆಬ್ಬೆರಳನ್ನೂ ಮಡಚಿ, ಮುಷ್ಟಿಯನ್ನು ತಮ್ಮ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಗೊತ್ತಾಯ್ತಾ ಎಷ್ಟು ಅಂತ?"

ನಾನು ಇನ್ನೊಂದು ಕೈಯಿಂದ ಟವೆಲಿನ ತುದಿ ಎಳೆದು ಕಣ್ಣು ಒರೆಸಿಕೊಂಡೆ.

"ಮೊದ್ಲು ಬಳೆ ಬಿಡಿಸ್ಕೊಂಡು ಕೈಗೆ ಹಾಕ್ಕೊಂಡು ಬಾ. ನಾನು ತಟ್ಟಿ ನೋಡ್ತೀನಿ. ಆಮೇಲೆ ಕಳ್ಸು ನಿನ್ ಪಿನ್ನ" ಎಂದರು ಮಾವ. "ರಾಹುಕಾಲದಲ್ಲೇ ಹೋಗಿ ತಗೊಂಡ್ ಬತ್ತೀನಿ."