ಕಾರಿಗೆ ಬಾಯಿ ಬಂದ ದಿನ

ನಾನು ಮೋಟಾರ್ ರಿಪೇರಿ ಮಾಡುವವನು. ಹಾನಗಲ್ಲಿನಲ್ಲಿ ನನ್ನ ಅಂಗಡಿ ಇದೆ. ಬೋರಿನ ಮೋಟಾರ್ ಸುಟ್ಟರೆ ಒಳಗಿನ ತಾಮ್ರದ ತಂತಿ ಬಿಚ್ಚಿ, ಹೊಸದು ಸುತ್ತಿ, ಸಂಜೆಯೊಳಗೆ ನೀರು ಎತ್ತಿಸುವುದು ನನ್ನ ಕಸುಬು. ಸುತ್ತಲಿನ ಹತ್ತೂರ ಗದ್ದೆಗಳಲ್ಲಿ ನೀರು ಹರಿಯುವುದು ನನ್ನ ಕೈಗುಣದಿಂದಲೇ ಎಂದು ನಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತೇನೆ. ಇಂಥವನಿಗೆ ಒಂದು ಫೋನನ್ನು ಕಾರಿಗೆ ಜೋಡಿಸುವುದು ಯಾವ ಮಹಾ ಕೆಲಸ! ತಂತಿಯೇ ಇಲ್ಲದ ಜೋಡಣೆ ಅದು. ಮೂವತ್ತು ವರ್ಷ ತಂತಿ ಜೋಡಿಸಿದವನಿಗೆ ಇಲ್ಲದ ತಂತಿ ಜೋಡಿಸಲು ಕಷ್ಟವೇನು?

ಕಾರು ಶಿಗ್ಗಾವಿಯ ಒಬ್ಬ ಗುತ್ತಿಗೆದಾರರ ಕೈಯಿಂದ ನಮ್ಮ ಮನೆಗೆ ಬಂದದ್ದು. ಅದನ್ನು ಹಳೆಯ ಕಾರು ಎಂದರೆ ನನ್ನ ಹೆಂಡತಿ ಸುಮಂಗಲಾಗೆ ಸಿಟ್ಟು. "ನಮಗ ಹೊಸಾದ ಅಲ್ಲೇನ್ರಿ?" ಎನ್ನುತ್ತಾಳೆ. ಮುಂದೆ ಊಟದ ತಾಟಿನಷ್ಟು ದೊಡ್ಡ ಪರದೆ ಇದೆ. ಕೀಲಿ ಕೊಡುವಾಗ ಗುತ್ತಿಗೆದಾರರು, "ಬ್ಲೂಟೂತ್ ಐತ್ರಿ. ಒಮ್ಮೆ ಫೋನ್ ಜೋಡಿ ಮಾಡಿಬಿಟ್ರ ಮುಗೀತು, ಕಾರ ಮಾತಾಡತೈತಿ" ಎಂದಿದ್ದರು. ಏನು ಮಾತಾಡುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ಕೆಲಸಕ್ಕೆ ನಾನು ಕೈ ಹಾಕಿದ್ದು ಮಗಳ ಕುಬಸದ ಹಿಂದಿನ ದಿನ. ಬಸುರಿ ಮಗಳಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಮಗಳು ಮೊದಲೇ ಷರತ್ತು ಹಾಕಿದ್ದಳು: "ಅಪ್ಪಾ, ಅತ್ತಿ ಬರದಿದ್ರ ನಾ ಉಡಿ ತುಂಬಿಸಿಕೊಳ್ಳಂಗಿಲ್ಲ." ಅವಳ ಅತ್ತಿ ಎಂದರೆ ಹಿರೇಕೆರೂರಿಗೆ ಕೊಟ್ಟ ನನ್ನ ಅಕ್ಕ, ಶಾಂತಕ್ಕ. ಹೆಸರು ಮಾತ್ರ ಶಾಂತ. ಆಕೆ ನಮ್ಮ ಹೊಸ್ತಿಲು ತುಳಿದು ಎರಡು ವರ್ಷವಾಗಿತ್ತು.

ಕಾರಣ ಒಂದು ಸೀರೆ. ಮಗಳ ಮದುವೆಯಲ್ಲಿ ಅಕ್ಕನಿಗೆ ಆಯೇರಿ ಕೊಟ್ಟೆವು. ಮದುವೆಯಲ್ಲಿ ಬಳಗದವರಿಗೆ ಕೊಡುವ ಬಟ್ಟೆಗೆ ನಮ್ಮಲ್ಲಿ ಆಯೇರಿ ಎನ್ನುತ್ತೇವೆ. ಅದರಲ್ಲೂ ಮದುಮಗಳ ಸೋದರತ್ತೆಯ ಸೀರೆ ಎಂದರೆ ಸಣ್ಣ ಮಾತಲ್ಲ, ಹತ್ತು ಜನ ಮುಟ್ಟಿ ನೋಡುತ್ತಾರೆ. ಅಕ್ಕ ಹಂದರದಲ್ಲೇ ಕವರು ಬಿಚ್ಚಿದಳು. ಒಳಗಿದ್ದದ್ದು, ನಮ್ಮ ಮನೆಯ ವಾಸ್ತುಶಾಂತಿಗೆ ಆಕೆಯೇ ಸುಮಂಗಲಾಗೆ ತಂದುಕೊಟ್ಟಿದ್ದ ಇಳಕಲ್ ಸೀರೆ! ಸೆರಗಿನ ಗೊಂಡೆಗಳನ್ನು ಅಕ್ಕ ತಾನೇ ಕೂತು ಕಟ್ಟಿದ್ದಳು. ತಾನು ಕಟ್ಟಿದ ಗಂಟು ಯಾವ ಹೆಂಗಸಿಗೆ ಗುರುತು ಸಿಗುವುದಿಲ್ಲ?

"ಇದನ್ನ ಯಾರು ಕೊಟ್ಟಿದ್ದು?" ಎಂದು ಅಕ್ಕ ಕೇಳಿದಳು. ಸುಮಂಗಲಾ ಮುಂದೆ ಬಂದು, "ನಾನ ಕೊಟ್ಟೇನ್ರಿ ಅಕ್ಕಾರ. ಕಣ್ತಪ್ಪಿ ಆತು" ಎಂದಳು. ಅಕ್ಕ ಸೀರೆಯನ್ನು ಮಡಚಿ ಅವಳ ಕೈಗಿಟ್ಟು, ಅಕ್ಷತೆ ಬಿದ್ದ ಕೂಡಲೇ ಊಟ ಮಾಡದೆ ಬಸ್ ಹತ್ತಿದಳು. ಆ ಸೀರೆ ಕವರಿನೊಳಗೆ ಹೋದದ್ದು ಹೇಗೆ ಎಂಬ ವಿಚಾರ ಸದ್ಯಕ್ಕೆ ಬೇಡ.

ಈಗ ಮಗಳು ಫೋನಿನಲ್ಲಿ ಅತ್ತು ಕರೆದಿದ್ದಕ್ಕೆ ಅಕ್ಕ ಒಪ್ಪಿದ್ದಳು. ಆದರೆ, "ಕೂಸಿನ ಸಲುವಾಗಿ ಬರ್ತೇನಿ. ನಿಮ್ಮವ್ವನ ಕೈಯಾಗಿನ ನೀರು ಮುಟ್ಟಂಗಿಲ್ಲ" ಎಂದಿದ್ದಳು. ಇಂಥ ಅಕ್ಕನನ್ನು ಕರೆತರುವ ಕಾರು ಸರ್ವಾಂಗ ಸುಂದರವಾಗಿರಬೇಕು, ತಮ್ಮನ ಏಳಿಗೆ ನೋಡಿಯಾದರೂ ಆಕೆಯ ಮನಸ್ಸು ಮೆತ್ತಗಾಗಬೇಕು ಎಂಬುದು ನನ್ನ ಯೋಜನೆ. ಅದಕ್ಕೇ ಬ್ಲೂಟೂತ್.

ಬೆಳಗಿನ ಚಹಾಕ್ಕೆ ಮುಂಚೆ ಕಾರಿನಲ್ಲಿ ಕೂತೆ. ಮೊದಲು ಒತ್ತಿದ ಗುಂಡಿಗೆ ವೈಪರ್ ಆಡಿತು. ಎರಡನೆಯದಕ್ಕೆ ಹಿಂದಿನ ಗಾಜಿಗೆ ನೀರು ಚಿಮ್ಮಿತು. ಮೂರನೆಯದಕ್ಕೆ ಪರದೆ ಬೆಳಗಿತು, ಆದರೆ ನನ್ನ ಫೋನಿನಲ್ಲಿ ಕಂಡದ್ದು ಹೆಸರುಗಳ ದೊಡ್ಡ ಪಟ್ಟಿ. ಇಡೀ ಓಣಿಯ ಸಾಮಾನು ಅಲ್ಲಿತ್ತು. ಮೇಲಿನ ಹೆಸರೇ ನಮ್ಮ ಕಾರಿನದಿರಬೇಕು ಎಂದು ಒತ್ತಿ, ಪರೀಕ್ಷೆಗೆಂದು ಒಂದು ವಿಡಿಯೋ ಹಾಕಿದೆ. ಕಾರು ಉಸಿರೆತ್ತಲಿಲ್ಲ. ಬದಲಿಗೆ ಪಕ್ಕದ ಮನೆಯ ಬಸಣ್ಣನವರ ದೇವರ ಕೋಣೆಯಿಂದ ಗಟ್ಟಿ ದನಿ ಕೇಳಿತು: "ಮೂಲವ್ಯಾಧಿಗೆ ಮನೆಯಲ್ಲೇ ಮದ್ದು!"

ಬಸಣ್ಣ ಪೂಜೆ ಬಿಟ್ಟು ಹೊರಗೆ ಬಂದರು. ಅವರ ಕೈಯಲ್ಲಿ ವಚನ ಕೇಳುವ ಸಣ್ಣ ಸ್ಪೀಕರ್ ಡಬ್ಬಿ ಇತ್ತು. ಅದು ಇನ್ನೂ ಮೂಲವ್ಯಾಧಿಯ ಬಗ್ಗೆಯೇ ಹೇಳುತ್ತಿತ್ತು.

"ಏನ್ರಿ ಇದು, ಲಿಂಗಪೂಜಿ ಹೊತ್ತಿನ್ಯಾಗ?" ಎಂದರು.

"ತಪ್ಪಾತ್ರಿ, ಕಾರು ಅಂತ ನಿಮ್ಮ ಡಬ್ಬಿಗೆ ಜೋಡಿ ಮಾಡೇನಿ" ಎಂದು ಬಿಡಿಸಿಕೊಂಡೆ. ಬಸಣ್ಣ ಒಳಗೆ ಹೋಗಲಿಲ್ಲ. ಬೇರೆಯವರ ಮನೆಯ ರಿಪೇರಿ ನೋಡುವ ಸುಖ ಪೂಜೆಯಲ್ಲಿ ಎಲ್ಲಿದೆ?

ಇಬ್ಬರೂ ಸೇರಿ ಕಾರಿನ ಹೆಸರು ಹುಡುಕಿದೆವು. ಒತ್ತಿದ ಕೂಡಲೇ ಪರದೆಯ ಮೇಲೆ ಆರು ಅಂಕಿಗಳ ಸಂಖ್ಯೆಯೊಂದು ಬಂತು. ಫೋನಿನಲ್ಲೂ ಅದೇ ಸಂಖ್ಯೆ. ಕೆಳಗೆ ಒಪ್ಪಿಗೆಯೇ ಎಂಬ ಪ್ರಶ್ನೆ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಓಟಿಪಿ!" ಎಂದೆ.

"ಒಪ್ಪಬ್ಯಾಡ್ರಿ ಮತ್ತ" ಎಂದರು ಬಸಣ್ಣ. "ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ದಿನಾ ಬಡಕೋತಾರ. ಕಾರು ಕೇಳಿದ್ರ ಕೊಡಬೇಕಂತ ಎಲ್ಲೈತಿ?"

ಮೂರು ಸಲ ಸಂಖ್ಯೆ ಬಂತು, ಮೂರು ಸಲ ಬೇಡವೆಂದು ಒತ್ತಿದೆ. ಮೂರನೆಯ ಸಲವಂತೂ ಪರದೆಗೆ ಟವೆಲ್ ಮುಚ್ಚಿದೆ. ಬೇಸತ್ತು ಫೋನನ್ನು ಕಟ್ಟೆಯ ಮೇಲಿಟ್ಟು ಬೆವರು ಒರೆಸಿಕೊಳ್ಳುವಾಗ ಸುಮಂಗಲಾ ಚಹಾ ತಂದಳು. ತನ್ನ ಫೋನನ್ನೂ ಅಲ್ಲೇ ಇಟ್ಟು ಬಸಣ್ಣನವರಿಗೆ ಕಪ್ಪು ಕೊಟ್ಟಳು. ಕತೆ ಕೇಳಿ ನಕ್ಕಳು.

"ಎರಡೂ ಕಡೆ ನಂಬರ್ ಒಂದ ಐತಿಲ್ಲೋ ಅಂತ ಕೇಳತೈತ್ರಿ ಅದು. ಐತಿ ಅಂದ್ರ ಹೂಂ ಅನ್ರಿ. ಅಷ್ಟಕ್ಕ ಯಾಕ ಹೆದರ್ತೀರಿ?"

ಹೆಂಡತಿಯ ಎದುರು ಹೆದರಿದವನೆನಿಸಿಕೊಳ್ಳಬಾರದೆಂದು ಕಟ್ಟೆಯ ಮೇಲಿನ ಫೋನನ್ನು ಗಬಕ್ಕನೆ ಎತ್ತಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿ ಹೂಂ ಎಂದು ಒತ್ತಿದೆ. "ಕನೆಕ್ಟೆಡ್" ಎಂದಿತು ಕಾರು, ಹೆಣ್ಣು ದನಿಯಲ್ಲಿ. ಹಾಡು ಹಾಕಿದೆ, ಬಂತು. ಬಸಣ್ಣ ತಲೆದೂಗಿದರು. ಫೋನನ್ನು ಇದ್ದಲ್ಲೇ ಇಟ್ಟು ಚಹಾ ಕುಡಿದೆ.

ಇಲ್ಲೊಂದು ಸಣ್ಣ ಸಂಗತಿ ಹೇಳುವುದು ಉಳಿಯಿತು. ನನ್ನ ಫೋನೂ ಸುಮಂಗಲಾಳ ಫೋನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಂಥವು. ಒಂದೇ ಬಣ್ಣ, ಎರಡರ ಮುಖದ ಮೇಲೂ ಮಗಳ ಮದುವೆಯ ಫೋಟೋ.

ಮರುದಿನ ಬೆಳಿಗ್ಗೆ ಹಿರೇಕೆರೂರಿಗೆ ಹೊರಟೆ. ಕೀಲಿ ತಿರುವಿದ ಕೂಡಲೇ "ಕನೆಕ್ಟೆಡ್" ಎಂದಿತು. ಓಣಿಯ ತಿರುವಿಗೆ ಬರುವಷ್ಟರಲ್ಲಿ "ಡಿಸ್ಕನೆಕ್ಟೆಡ್" ಎಂದಿತು. ನೆಟ್‌ವರ್ಕ್ ಇಲ್ಲ ಎಂದುಕೊಂಡೆ. ತಿಳವಳ್ಳಿ ದಾಟಿದರೂ ಬರಲಿಲ್ಲ. ಹಳ್ಳಿ ಕಡೆ ಹೀಗೇ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಜೊತೆಗೆ ನೀರಿನ ಬಾಟಲಿ, ಬುತ್ತಿ. ನಮ್ಮ ಮನೆಯ ನೀರು ಮುಟ್ಟಬಾರದೆಂಬ ಪೂರ್ತಿ ತಯಾರಿ. ಸಣ್ಣವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಇವಳು. ಅರ್ಧ ದಾರಿಗೆ ನಾನೇ, "ಅಕ್ಕಾ, ಇನ್ನ ಫೋನ್ ಬಂದ್ರ ಕೈಯಾಗ ಹಿಡಿಯೂದ ಬ್ಯಾಡ. ಕಾರ ಮಾತಾಡತೈತಿ, ನೋಡ್ತಿರು" ಎಂದೆ. ಅದನ್ನೇ ಕಾಯುತ್ತಿದ್ದಂತೆ ಫೋನ್ ಬಂತು, ನನ್ನ ಅಂಗಿಯ ಕಿಸೆಯೊಳಗೆ. ಕಾರು ತುಟಿ ಬಿಚ್ಚಲಿಲ್ಲ.

"ನಿನ್ನ ಮಾತು ಕಾರೂ ಕೇಳಂಗಿಲ್ಲೇನೋ ತಮ್ಮಾ?" ಎಂದಳು ಅಕ್ಕ. ನಕ್ಕಳೋ ಇಲ್ಲವೋ, ಕನ್ನಡಿಯಲ್ಲಿ ಕಾಣಲಿಲ್ಲ.

ಮನೆ ಮುಂದೆ ಕಾರು ನಿಂತಿತು. ಅಕ್ಕ ಇಳಿಯಲಿಲ್ಲ.

"ನಿನ್ನ ಹೆಂಡ್ತಿ ಬಂದು ಕರೀಲಿ. ಕರದ್ರ ಇಳೀತೇನಿ, ಇಲ್ಲಂದ್ರ ಹಿಂಗ ಗಾಡಿ ಹೊಳ್ಳಿಸು."

ನಾನು ಗಾಡಿ ಆಫ್ ಮಾಡದೆ ಬಾಗಿಲು ತೆಗೆಯುವಷ್ಟರಲ್ಲಿ, "ಕನೆಕ್ಟೆಡ್" ಎಂದಿತು ಕಾರು. ಹಿಂದೆಯೇ ಗಂಟೆ ಬಾರಿಸಿತು, ಪರದೆಯ ತುಂಬ ಹೆಸರು ಬಂತು: ಗೌರಿ ಸವಣೂರ. ಗೌರಿ ನನ್ನ ಹೆಂಡತಿಯ ತಂಗಿ, ಸವಣೂರಿನಲ್ಲಿ ಇರುತ್ತಾಳೆ. ಅಂತೂ ಮರ್ಯಾದೆ ಉಳಿಯಿತು ಎಂದು ನನಗೆ ಎಲ್ಲಿಲ್ಲದ ಹಿಗ್ಗು. "ನೋಡ್ ಅಕ್ಕಾ ಈಗ!" ಎನ್ನುತ್ತ ಸ್ಟೀರಿಂಗಿನ ಹಸಿರು ಗುಂಡಿ ಒತ್ತಿದೆ.

"ಅಕ್ಕಾ..." ಎಂದಳು ಗೌರಿ, ಕಾರಿನ ನಾಲ್ಕೂ ಮೂಲೆಯಿಂದ.

"ಹಾಂ, ಹೇಳು" ಎಂದಳು ನಮ್ಮ ಅಕ್ಕ. ಅಕ್ಕ ಎಂದು ಕರೆದರೆ ಓಗೊಡುವುದು ಆಕೆಗೆ ಐವತ್ತೈದು ವರ್ಷದ ರೂಢಿ.

"ಬಂದಳೇನು ಆ ಹಿರೇಕೆರೂರಾಕಿ?"

ನಾನು ಬಾಯಿ ತೆರೆದೆ. ಅಕ್ಕ ಹಿಂದಿನಿಂದ ನನ್ನ ಭುಜ ಹಿಂಡಿ ಸುಮ್ಮನಿರಿಸಿ, ಸಣ್ಣ ದನಿಯಲ್ಲಿ "ಹೂಂ" ಎಂದಳು.

ಆಗ ನನಗೆ ತಿಳಿಯಿತು, ನಿನ್ನೆ ಕಾರಿಗೆ ಜೋಡಿಯಾದದ್ದು ನನ್ನ ಫೋನಲ್ಲ. ಸುಮಂಗಲಾಳದು, ಅದು ಒಳಗೆ ಅಡುಗೆಮನೆಯಲ್ಲಿದೆ! ಕರೆ ನಿಲ್ಲಿಸಬೇಕೆಂದು ಸಿಕ್ಕ ಗುಂಡಿ ಒತ್ತಿದೆ. ದನಿ ಏರಿತು. ಮತ್ತೊಂದು ಒತ್ತಿದೆ. ನಾಲ್ಕೂ ಕಿಟಕಿಯ ಗಾಜು ಇಳಿದವು.

"ಇವತ್ತರ ಖರೇ ಹೇಳಿಬಿಡ ಅಕ್ಕಾ" ಎಂದು ಗೌರಿ ಇಡೀ ಓಣಿಗೆ ಕೇಳುವಂತೆ ಹೇಳತೊಡಗಿದಳು. "ಸೀರಿ ತರ್ರಿ ಅಂತ ಮಾಮಾನ್ನ ಹುಬ್ಬಳ್ಳಿಗೆ ಕಳಿಸಿದ್ರ ಮೋಟಾರ್ ಸಾಮಾನು ತಗೊಂಡು ಬಂದ, ಸೀರಿ ಮರತ. ಲಗ್ನದ ದಿನ ನಿನ್ನ ತಿಜೋರಿ ತಗದು ಕೈಗೆ ಸಿಕ್ಕಿದ್ದು ಕವರಿನ್ಯಾಗ ಹಾಕಿದ. ಎಲ್ಲಾರ ಮುಂದ ನೀ ಯಾಕ ಮೈಮ್ಯಾಲ ಹಾಕ್ಕೊಂಡಿ? ಕೇಳಿದ್ರ, 'ನಾ ಹೊರಗಿಂದ ಬಂದಾಕಿ, ನನ್ನ ಮ್ಯಾಲ ಸಿಟ್ಟಾದ್ರ ನಡೀತೈತಿ, ಅವರು ಒಂದ ಹೊಟ್ಟ್ಯಾಗ ಹುಟ್ಟಿದವರು, ಅವರ ನಡುವ ಬಿರುಕು ಬೀಳಬಾರದು' ಅಂತಿ. ಎಷ್ಟು ದಿನ ಅಂತ ಬೈಸಿಕೊಂತಿ? ಮಾಮಾ ಅಂತೂ ಬಾಯಿ ಬಿಡೂ ಪೈಕಿ ಅಲ್ಲ."

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, "ಹಲೋ, ಗೌರಿ, ಏನೂ ಕೇಳಸವಲ್ದು" ಎನ್ನುತ್ತ ಸುಮಂಗಲಾ ಹೊರಗೆ ಬಂದಳು. ತಂಗಿಯ ದನಿ ಕಾರಿನಿಂದ ಬರುವುದನ್ನು ಕೇಳಿ ಕಟ್ಟೆಯ ಮೇಲೆ ನಿಂತುಬಿಟ್ಟಳು.

"ಗೌರವ್ವಾ" ಎಂದಳು ಅಕ್ಕ. "ನಾ ಹಿರೇಕೆರೂರಾಕಿ ಮಾತಾಡಾಕತ್ತೇನಿ. ನಿಮ್ಮಕ್ಕ ಇಲ್ಲೇ ನಿಂತಾಳ. ನಾ ಹೇಳ್ತೇನಿ ಆಕಿಗೆ, ನೀ ಇಡು."

ಆ ಕಡೆ ಗೌರಿ ಉಗುಳು ನುಂಗಿದ್ದೂ ಕೇಳಿಸಿತು. ಬ್ಲೂಟೂತ್ ಅಷ್ಟು ಸ್ವಚ್ಛವಾಗಿತ್ತು. "ಅಯ್ಯ ಶಿವನ" ಎಂದು ಫೋನ್ ಇಟ್ಟಳು.

ಯಾರೂ ಕರೆಯಲಿಲ್ಲ. ಅಕ್ಕ ತಾನೇ ಬಾಗಿಲು ತೆಗೆದು ಇಳಿದಳು. ಕಟ್ಟೆ ಹತ್ತಿ ಸುಮಂಗಲಾಳ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎರಡು ವರ್ಷ ಮಂದಿ ಮುಂದ ನಿನ್ನ ಆಡಿಕೊಂಡೇನಿ. ಒಂದ ಮಾತು ಹೊಳ್ಳಿ ಆಡ್ಲಿಲ್ಲಲ್ಲವ್ವಾ" ಎಂದಳು. ಸುಮಂಗಲಾ, "ಹೋಗ್ಲಿ ಬಿಡ್ರಿ ಅಕ್ಕಾರ" ಎಂದು ಅಳಲು ಶುರು ಮಾಡಿದಳು. ಇಬ್ಬರ ಸೀರೆಗೂ ಹಿಟ್ಟು ಮೆತ್ತಿತು. ನನಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಎರಡು ವರ್ಷದಿಂದ ಹೆಂಡತಿಯ ಮರೆಯಲ್ಲಿ ನಿಂತು ಬದುಕಿದ್ದೆ, ಅಷ್ಟೇ ನಿಜ.

"ಒಂದ್ ಕಪ್ ಚಹಾ ಮಾಡು, ಸಕ್ರಿ ಜಾಸ್ತಿ ಇರ್ಲಿ" ಎನ್ನುತ್ತ ಅಕ್ಕ ಅವಳ ಹೆಗಲ ಮೇಲೆ ಕೈ ಹಾಕಿ ಒಳಗೆ ನಡೆದಳು. ಹೊಸ್ತಿಲಲ್ಲಿ ತಿರುಗಿ ನನ್ನನ್ನು ನೋಡಿದ ನೋಟ ಮಾತ್ರ ಬರೆಯುವಂಥದ್ದಲ್ಲ. ಗೋಡೆಯಾಚೆಯಿಂದ ಬಸಣ್ಣನವರ ತಲೆ ಮೇಲೆದ್ದಿತು. "ಬ್ಲೂಟೂತ್ ಚಲೋ ಐತಿ ಬಿಡ್ರಿ. ನಮ್ಮ ಅಡಿಗಿಮನಿ ತನಕ ಕೇಳಿಸ್ತು" ಎಂದರು.

ಕುಬಸ ಚೆನ್ನಾಗಿ ಆಯಿತು. ಮೊದಲ ಉಡಿ ತುಂಬಿದವಳು ಅಕ್ಕನೇ. ಎಂಟು ದಿನ ಇದ್ದಳು. ಹೊರಡುವ ಮುನ್ನಾ ದಿನ ಇಬ್ಬರೂ ಹೆಂಗಸರನ್ನು ಹುಬ್ಬಳ್ಳಿಗೆ ಕರೆದೊಯ್ದು ಸೀರೆ ಕೊಡಿಸಿದೆ. ಅಂಗಡಿಯ ಸ್ಟೂಲಿನ ಮೇಲೆ ಮೂರು ತಾಸು ಕೂತೆ, ಚಕಾರ ಎತ್ತದೆ.

ಮಗಳೂ ಜೊತೆಗೆ ಬಂದಿದ್ದಳು. ವಾಪಸು ಬರುವಾಗ ಅವಳು, "ಅಪ್ಪಾ, ಕೊಡು ನಿನ್ನ ಫೋನು. ಎರಡು ನಿಮಿಷದಾಗ ಇದಕ್ಕ ಜೋಡಿ ಮಾಡಿಕೊಡ್ತೇನಿ" ಎಂದಳು.

"ಬ್ಯಾಡವ್ವಾ" ಎಂದಳು ಅಕ್ಕ ಹಿಂದಿನಿಂದ. "ಮಾತಾಡಬೇಕಾದಾಗ ಬಾಯಿ ಬಿಡದಾಂವಗ ಕಾರಿನ್ಯಾಗ ಮಾತಾಡೂದು ಏನೈತಿ?"

ಮೂವರೂ ನಕ್ಕರು. ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಶಿಗ್ಗಾವಿಯವರೆಗೆ ಯೋಚಿಸಿದೆ. ಉತ್ತರವೂ ಹೊಳೆಯಿತು. ಆದರೆ ಆಗಲೂ ನಾನು ಬಾಯಿ ಬಿಡಲಿಲ್ಲ.